ಮೂರು ಬೆರಳು ನೀರು

ಪ್ರೀತಿಯನ್ನು ಅಳೆಯುವುದಕ್ಕೆ ನಾವು ಮೊದಲು ಹಿಡಿದುಕೊಂಡು ಹೋದದ್ದು ಒಂದು ಏಣಿಯ ಚಿತ್ರ. ದಪ್ಪ ರಟ್ಟಿನ ಮೇಲೆ ಹತ್ತು ಮೆಟ್ಟಿಲಿನ ಏಣಿ. ಹೊಸದಾಗಿ ಮದುವೆಯಾದ ಗಂಡನ ಮುಂದೊಮ್ಮೆ, ಹೆಂಡತಿಯ ಮುಂದೊಮ್ಮೆ ಅದನ್ನು ಹಿಡಿದು, ಅವರ ಮೇಲೆ ನಿಮಗೆ ಎಷ್ಟು ಮೆಟ್ಟಿಲಿನಷ್ಟು ಪ್ರೀತಿ ಎಂದು ಕೇಳಬೇಕು. ನಾಗಮಂಗಲದ ಕಡೆಯ ಒಂದು ಊರಿನಲ್ಲಿ ಮೊದಲನೇ ಗಂಡ ರಟ್ಟನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ.

"ಇದು ತೆಂಗಿನ ಮರಕ್ಕೆ ಸಾಲಕ್ಕಿಲ್ಲ ಸಾ. ಉಣ್ಸೆ ಮರಕ್ಕಾದ್ರೆ ಆಯ್ತದೆ," ಅಂದ.

ಹೆಂಡತಿಯನ್ನು ಕೇಳುವ ಸರದಿ ಬಂದಾಗ ಅವಳಿಗಿಂತ ಮೊದಲು ಅತ್ತೆ ಬಾಯಿ ಹಾಕಿದಳು. "ಪ್ರೀತಿನಾ? ನಂಗೆ ಎಂಟು ಮಕ್ಳಾದೊ ಕಣಪ್ಪ. ಯಾವ ನನ್ ಮಗನೂ ಬಂದು ಇದ ಕೇಳ್ನಿಲ್ಲ."

ನನ್ನ ಜೊತೆ ಬಂದಿದ್ದ ಮೇಡಂ ಜೀಪು ಹತ್ತುವ ತನಕ ಹೇಗೋ ತಡೆದುಕೊಂಡಿದ್ದರು. ಹತ್ತಿದ ಮೇಲೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಗು ನಿಂತ ಮೇಲೆ ಏಣಿಯ ರಟ್ಟನ್ನು ಸೀಟಿನ ಕೆಳಗೆ ಹಾಕಿದರು. ಅದು ಮತ್ತೆ ಹೊರಗೆ ಬರಲಿಲ್ಲ.

ಇದು ತೊಂಬತ್ತರ ದಶಕದ ನಡುವಿನ ಮಾತು. ಮೇಡಂ ಮೈಸೂರಿನ ಒಂದು ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದರು. ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡು ಕೆಸರು ಗದ್ದೆಯ ಬದುವಿನ ಮೇಲೂ ಸರಸರ ನಡೆಯುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿ ಪಾಸಾದವನು, ಪಾಂಡವಪುರದವನು. ಮನೆ ಮನೆ ಸುತ್ತುವ ಸರ್ಕಾರಿ ಗಣತಿಗಳಲ್ಲಿ ದಿನಗೂಲಿಗೆ ದುಡಿದು ಸುತ್ತಿನ ತಾಲ್ಲೂಕುಗಳ ದಾರಿಯೆಲ್ಲ ಪರಿಚಯವಿತ್ತು. ಹಾಗಾಗಿ ಅವರು ನನ್ನನ್ನು ಸಹಾಯಕನಾಗಿ ಇಟ್ಟುಕೊಂಡರು. ಕೆಲಸ ಏನೆಂದು ಕೇಳಿದಾಗ ಅವರು ಹೇಳಿದ್ದು ಇಷ್ಟು: "ಕೆಲವರಲ್ಲಿ ಪ್ರೀತಿ ಮೊದಲು ಬಂದು ಮದುವೆ ಆಮೇಲೆ ಆಗುತ್ತೆ. ಇಲ್ಲಿ ಮದುವೆ ಮೊದಲು. ಹಾಗಾದ್ರೆ ಪ್ರೀತಿ ಯಾವಾಗ ಬರುತ್ತೆ? ಇಬ್ಬರಲ್ಲಿ ಯಾರಿಗೆ ಮೊದಲು ಬರುತ್ತೆ? ಅದನ್ನ ತಿಳ್ಕೋಬೇಕು."

ಅದಕ್ಕೆ ಅವರು ಆರಿಸಿಕೊಂಡ ಕಾಲ ಆಷಾಢ. ನಮ್ಮಲ್ಲಿ ಹೊಸದಾಗಿ ಮದುವೆಯಾದ ಹುಡುಗಿ ಆಷಾಢದ ಒಂದು ತಿಂಗಳು ತವರಿನಲ್ಲಿರಬೇಕು. ಅಳಿಯನಾದವನು ಆ ತಿಂಗಳಲ್ಲಿ ಅತ್ತೆ ಮನೆಯ ಹೊಸಿಲು ದಾಟಬಾರದು. ಶ್ರಾವಣ ಬಂದ ಮೇಲೆ ಹುಡುಗಿ ಗಂಡನ ಮನೆಗೆ ವಾಪಸು. "ಗಂಡ ಹೆಂಡತೀನ ಒಂದು ತಿಂಗಳು ಬೇರೆ ಇಡ್ತೀನಿ ಅಂದ್ರೆ ಯಾವ ಪ್ರಯೋಗಶಾಲೇಲೂ ಒಪ್ಪಲ್ಲ. ನಿಮ್ಮ ಕಡೆ ಅದನ್ನ ಆಷಾಢವೇ ಮಾಡಿಕೊಡುತ್ತೆ," ಎಂದು ಮೇಡಂ ಸಂತೋಷಪಟ್ಟರು. ಆಷಾಢಕ್ಕೆ ಮುಂಚೆ ಒಂದು ಸಲ, ಆಷಾಢದಲ್ಲಿ ದೂರವಿರುವಾಗ ಒಂದು ಸಲ, ಶ್ರಾವಣದಲ್ಲಿ ಒಂದು ಸಲ, ಹೀಗೆ ಮೂರು ಸುತ್ತು ಕೇಳುವುದೆಂದು ನಿಶ್ಚಯವಾಯಿತು.

ಏಣಿ ಸೋತ ಮೇಲೆ ಮೂಟೆಯಿಂದ ರಾಗಿ ತೆಗೆದು ಗುಡ್ಡೆ ಹಾಕಿಸಿ ನೋಡಿದೆವು. ಅದು ನನ್ನ ಸಲಹೆ. ಮನಸ್ಸಿನಲ್ಲಿ ಎಷ್ಟಿದೆಯೋ ಅಷ್ಟು ರಾಗಿ ಹಾಕಿ ಅಂದರೆ, ಹೆಂಗಸರು ಮೊರ ತಂದು ಕಲ್ಲು ಆರಿಸುವುದಕ್ಕೆ ಕೂತರು. ಕೊನೆಗೆ ಮೇಡಂ ಶ್ರೀರಂಗಪಟ್ಟಣದ ಅಂಗಡಿಯಲ್ಲಿ ಒಂದೇ ಅಚ್ಚಿನ ಎರಡು ಉದ್ದನೆಯ ಗಾಜಿನ ಲೋಟ, ಒಂದು ತಂಬಿಗೆ ಕೊಂಡರು. ಅದು ಜನರಿಗೆ ಹಿಡಿಸಿತು.

ಕ್ರಮ ಹೀಗೆ. ಗಂಡನನ್ನೂ ಹೆಂಡತಿಯನ್ನೂ ಬೇರೆ ಬೇರೆ ಕೂರಿಸಬೇಕು. ತಂಬಿಗೆ ಕೈಗೆ ಕೊಟ್ಟು, "ಅವರು ನಿಮ್ಮ ಮನಸ್ಸಲ್ಲಿ ಎಷ್ಟು ತುಂಬಿದ್ದಾರೋ ಅಷ್ಟು ನೀರು ಈ ಲೋಟಕ್ಕೆ ಹುಯ್ಯಿರಿ" ಅನ್ನಬೇಕು. ಆಮೇಲೆ ಎರಡನೇ ಲೋಟ ಮುಂದಿಟ್ಟು, "ಇದೇ ಪ್ರಶ್ನೆ ಅವರಿಗೆ ಕೇಳಿದರೆ ಅವರು ಎಷ್ಟು ಹುಯ್ಯಬಹುದು ಅಂತ ನಿಮಗೆ ಅನ್ನಿಸುತ್ತೆ, ಅಷ್ಟು ಹುಯ್ಯಿರಿ" ಅನ್ನಬೇಕು. ಸ್ಕೇಲು ಹಿಡಿದು ಎರಡನ್ನೂ ಅಳೆದು, ನೀರನ್ನು ಗಿಡದ ಬುಡಕ್ಕೆ ಚೆಲ್ಲಿ, ಲೋಟ ಒರೆಸಿ ಇಡಬೇಕು. ಹೆಂಗಸರನ್ನು ಮೇಡಂ ಕೇಳುವರು, ಗಂಡಸರನ್ನು ನಾನು. ಸಂಜೆ ಜೀಪಿನಲ್ಲಿ ಎರಡನ್ನೂ ಜೋಡಿಸುತ್ತಿದ್ದೆವು.

ಜನರು ಖುಷಿಯಾಗಿ ಹುಯ್ದರು. ಒಬ್ಬ ಹುಯ್ದ ನೀರನ್ನು ತಾನೇ ಗಟಗಟ ಕುಡಿದು "ಬಿಸ್ಲು ಸಾ" ಅಂದ. ಶ್ರೀರಂಗಪಟ್ಟಣದ ಹತ್ತಿರ ಒಬ್ಬಳು ತನ್ನ ಲೋಟಕ್ಕೆ ಅರ್ಧ, ಗಂಡನ ಲೋಟಕ್ಕೆ ಪೂರ್ತಿ ಹುಯ್ದು, "ಅವ್ರಿಗೆ ಜಾಸ್ತಿ ಇರ್ಬೇಕು. ಅಡ್ಗೆ ಮಾಡೋಳು ನಾನಲ್ವಾ," ಅಂದಳು. ನಮ್ಮ ಮನೆಯಲ್ಲಿ ಮಾತ್ರ ಈ ಕೆಲಸಕ್ಕೆ ಮರ್ಯಾದೆ ಇರಲಿಲ್ಲ. "ಊರೋರ ಪ್ರೀತಿ ಅಳ್ಯಕ್ಕೆ ಓಯ್ತೀರಿ. ಕುಡಿದ ಲೋಟ ತೊಳ್ದು ಮಡ್ಗಿ ಓಗಿ," ಅನ್ನುತ್ತಿದ್ದಳು ನನ್ನ ಹೆಂಡತಿ.

ಮೇಡಂ ಒಂದು ನಿಯಮವನ್ನು ದಿನಾ ಬೆಳಗ್ಗೆ ಹೇಳುತ್ತಿದ್ದರು. ಒಬ್ಬರು ಹುಯ್ದದ್ದನ್ನು ಇನ್ನೊಬ್ಬರಿಗೆ ಹೇಳಬಾರದು. ಯಾಕೆ ಇಷ್ಟು ಹುಯ್ದಿರಿ ಎಂದು ಕೇಳಲೂ ಬಾರದು, ಕೇಳಿದರೆ ಮುಂದಿನ ಸಲ ನಮ್ಮನ್ನು ಮೆಚ್ಚಿಸುವುದಕ್ಕೆ ಹುಯ್ಯುತ್ತಾರೆ. "ನಾವು ನೋಡೋರು ಅಷ್ಟೆ. ಕೈ ಹಾಕೋರಲ್ಲ," ಅನ್ನುವರು. ನಾನು ತಲೆಯಾಡಿಸುತ್ತಿದ್ದೆ. ಆ ನಿಯಮವನ್ನು ನಾನು ಹೇಗೆ ಮುರಿದೆ, ಅದರಿಂದ ಒಬ್ಬ ಹುಡುಗಿಯ ಸಂಸಾರ ಹೇಗೆ ಒಡೆಯುವುದರಲ್ಲಿತ್ತು ಎಂಬುದನ್ನು ಈ ವಯಸ್ಸಿನಲ್ಲಾದರೂ ಬರೆದಿಡಬೇಕು ಅನ್ನಿಸಿದೆ.

ಹುಡುಗ ಚಿನಕುರಳಿಯ ಹತ್ತಿರದವನು. ನಾಲೆಯ ಮೇಲೆ ನೀರುಗಂಟಿ. ತೂಬು ಎತ್ತಿ ಇಳಿಸಿ ಯಾರ ಗದ್ದೆಗೆ ಎಷ್ಟು ನೀರು, ಯಾವ ಪಾಳಿಯಲ್ಲಿ ಎಂದು ನೋಡಿಕೊಳ್ಳುವ ಕೆಲಸ. ಒಂದು ಕಡೆಯ ರೈತನಿಗೆ ಹೆಚ್ಚು ಬಿಟ್ಟ, ಇನ್ನೊಂದು ಕಡೆಯವನಿಗೆ ಕಡಿಮೆ ಬಿಟ್ಟ ಎಂಬ ಮಾತು ಅವನ ಮೇಲೆ ಎಂದೂ ಬಂದಿರಲಿಲ್ಲ. ಮಾತು ಮಾತ್ರ ಬಹಳ ಕಡಿಮೆ. ಹುಡುಗಿ ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆ ಕಡೆಯವಳು. ಆ ಬೇಸಿಗೆಯಲ್ಲಿ ಮದುವೆಯಾಗಿತ್ತು. ಮೊದಲನೇ ಸುತ್ತಿನಲ್ಲಿ ಹುಡುಗಿ ಅರ್ಧಕ್ಕಿಂತ ಸ್ವಲ್ಪ ಮೇಲೆ ಹುಯ್ದಳು. ನೀರುಗಂಟಿ ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಔಷಧಿ ಅಳೆಯುವವನ ಹಾಗೆ ಹುಯ್ದು ನಿಲ್ಲಿಸಿದ. ಮೂರು ಬೆರಳು. ಲೋಟದ ಅರ್ಧವೂ ಇಲ್ಲ. ಪಾಪದ ಹುಡುಗಿ ಅಂದುಕೊಂಡೆ. ಅವರಿಬ್ಬರ ಎರಡನೇ ಲೋಟದಲ್ಲಿ ಏನಿತ್ತು ಎಂಬುದು ನನ್ನ ತಲೆಯಲ್ಲಿ ಉಳಿಯಲೇ ಇಲ್ಲ. ಎರಡನೇ ಲೋಟ ಮೇಡಂ ಓದಿನ ವಿಷಯ ಎಂದು ಬಿಟ್ಟಿದ್ದೆ.

ಆಷಾಢ ಬಂತು. ಹುಡುಗಿಯರು ತವರು ಸೇರಿದರು. ಅದೇ ಹೊತ್ತಿಗೆ ಮೇಡಂಗೆ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ ಬಿದ್ದು, ಕೆಲವು ಮನೆಗಳಿಗೆ ನಾನೊಬ್ಬನೇ ಲೋಟ ತಂಬಿಗೆ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಶೀಳನೆರೆ ಕಡೆಯ ಆ ಮನೆಯಲ್ಲಿ ಹುಡುಗಿ ಜಗಲಿಯ ಮೇಲೆ ಕಡ್ಲೆಕಾಯಿ ಬಿಡಿಸುತ್ತ ಕೂತಿದ್ದಳು. ಅವಳ ಅಜ್ಜಿ ಪಕ್ಕದಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದಳು. ನನ್ನನ್ನು ನೋಡಿ, "ಬಂದ ನೋಡು ನೀರ್ ಉಯ್ಸೋನು," ಅಂದಳು ಅಜ್ಜಿ. "ನಮ್ ಉಡ್ಗಿ ಮುಖ ನೋಡ್ಲಾ. ಬಂದಾಗ್ನಿಂದ ಸಪ್ಗದೆ. ಆ ನೀರ್ಗಂಟಿ ಬಸ್ ಹತ್ಸಕ್ಕೂ ಬರ್ನಿಲ್ವಂತೆ. ಪಾಳಿ ಅದೆ ಅಂದ್ಬುಟ್ನಂತೆ."

ಅಜ್ಜಿ ಎಲೆ ಅಡಿಕೆ ಉಗುಳಲು ಎದ್ದು ಹೋದಾಗ ಹುಡುಗಿ ಕಡ್ಲೆಕಾಯಿ ಕೈಯಲ್ಲೇ ಹಿಡಿದು ಕೇಳಿದಳು.

"ಅಣ್ಣ, ಒಂದ್ ಮಾತು ಏಳಿ. ಅವ್ರು ಎಷ್ಟು ಉಯ್ದ್ರು?"

"ಅದು ಹೇಳಬಾರದಮ್ಮ."

"ನಂತಾವ ಅವ್ರು ಆಡಿದ್ ಮಾತು ಒಂದ್ ಕೈಲಿ ಎಣಿಸ್ಬೋದು. ಊಟ ಆಯ್ತಾ, ದನಕ್ಕೆ ನೀರ್ ಕುಡಿಸ್ದ್ಯಾ, ಅಷ್ಟೆಯ. ಮನಸ್ನಲ್ಲಿ ಏನೂ ಇಲ್ದೋರ್ ಮನೆಗೆ ನಾನು ಶ್ರಾವಣಕ್ಕೆ ವಾಪಸ್ ಓಗಕಿಲ್ಲ. ನಮ್ಮಪ್ಪಂಗೆ ಏಳ್ಬುಡ್ತೀನಿ."

ಮೂರು ಬೆರಳು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ನಿಯಮ ಹಿಡಿದು ಸುಮ್ಮನಿರಲೂ ಆಗಲಿಲ್ಲ. ಜೊತೆಗೆ ಒಂದು ಚಪಲ. ಒಳ್ಳೆಯ ಸುದ್ದಿ ತಂದವನ ಮುಖವನ್ನು ಜನ ನೋಡುವ ಹಾಗೆ ಯಾರಾದರೂ ನನ್ನ ಮುಖ ನೋಡಲಿ ಎಂಬ ಚಪಲ.

"ತುಳುಕೋ ಅಷ್ಟು ಹುಯ್ದ ಕಣಮ್ಮ," ಅಂದೆ. "ಲೋಟದ ಅಂಚಿಗೆ ಬಂತು. ನಾನೇ ಸಾಕು ಅಂದೆ."

ಆ ಹುಡುಗಿಯ ಮುಖ ಬದಲಾದದ್ದನ್ನು ನಾನು ಮರೆತಿಲ್ಲ. ಕೇಳುವ ಮುಂಚೆಯೇ ತಂಬಿಗೆ ತೆಗೆದುಕೊಂಡು ಲೋಟ ತುಂಬಿ ಕೆಳಗೆ ಚೆಲ್ಲುವ ಹಾಗೆ ಹುಯ್ದಳು. ಒಳಗಿನಿಂದ ನನಗೆ ಒಂದು ಚೊಂಬು ಮಜ್ಜಿಗೆ ಬಂತು, ಕೊತ್ತಂಬರಿ ಸೊಪ್ಪು ಹಾಕಿದ್ದು. ಅದನ್ನು ಕುಡಿಯುತ್ತ ನಾನು ಬಹಳ ದೊಡ್ಡ ಕೆಲಸ ಮಾಡಿದೆ ಅಂದುಕೊಂಡೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆ ರುಚಿ ಹತ್ತಿ ನಾಗಮಂಗಲದ ಕಡೆ ಎರಡು ಮನೆ, ಶ್ರೀರಂಗಪಟ್ಟಣದ ಕಡೆ ಒಂದು ಮನೆಯಲ್ಲೂ ಇದೇ ಮಾತು ಆಡಿದೆ. ಅಲ್ಲಿ ಯಾರೂ ಕೇಳಿರಲೂ ಇಲ್ಲ. ನಾನೇ ಕಣ್ಣು ಮಿಟುಕಿಸಿ, "ನಿಮ್ಮವರು ತುಂಬ ಹುಯ್ದಿದಾರೆ" ಅಂದು ಬಂದೆ. ಎಲ್ಲ ಕಡೆಯೂ ಹುಡುಗಿಯರು ನಾಚಿ, ಲೋಟ ತುಂಬಿದರು.

ಆಮೇಲೆ ನೀರುಗಂಟಿಯ ಸರದಿ. ಅವನು ತೂಬಿನ ಪಕ್ಕದ ಕಲ್ಲಿನ ಮೇಲೆ ಕೂತು ಸಲಿಕೆಯ ಕೆಸರು ಕೆರೆಯುತ್ತಿದ್ದ. ಲೋಟ ಕೊಟ್ಟೆ. ಮತ್ತೆ ಕಣ್ಣಿನ ಮಟ್ಟಕ್ಕೆ ಹಿಡಿದು ಹುಯ್ದ. ಈ ಸಲ ಐದು ಬೆರಳು.

"ಇನ್ನೊಂದು ಸ್ವಲ್ಪ ಹುಯ್ಯಯ್ಯ. ನಾಲೆ ತುಂಬ ನೀರಿದೆ," ಅಂದೆ.

"ನಾಲೇಲಿ ಅದೆ. ಇದ್ರಲ್ಲಿ ಇರೋದು ಇಷ್ಟೆಯ," ಅಂದ.

ನನಗೆ ತಡೆಯಲಾಗಲಿಲ್ಲ. "ನಿನ್ನ ಹೆಂಡತಿ ಚೆಲ್ಲೋ ಹಾಗೆ ತುಂಬಿಸಿದಳು ಕಣಯ್ಯ. ಅಲ್ಲಿ ನಿನಗೋಸ್ಕರ ಒಣಗ್ತಾ ಇದಾಳೆ."

ಅವನು ಸಲಿಕೆ ಕೆಳಗಿಟ್ಟ. "ಚೆಲ್ತಾ?" ಅಂದ. ತೂಬಿನ ಕಡೆ ನೋಡಿದ, ಆಮೇಲೆ ದಾರಿಯ ಕಡೆ ನೋಡಿದ. "ಅಂಗೆ ಬುಡಬಾರ್ದು. ನೋಡ್ಬೇಕು," ಅಂದ. ನಾನು ನಗುತ್ತ ಬಸ್ಸು ಹತ್ತಿದೆ.

ಕೆಲವು ದಿನ ಕಳೆದು ಒಂದು ಬೆಳಗ್ಗೆ ನಮ್ಮ ಮನೆ ಬಾಗಿಲಿಗೆ ಹುಡುಗಿಯ ಅಪ್ಪ ಬಂದು ನಿಂತ. ಟವಲು ಹೆಗಲ ಮೇಲಿರಲಿಲ್ಲ, ಕೈಯಲ್ಲಿತ್ತು.

"ಏನಯ್ಯ, ಅದೆಂಥ ಸೈನ್ಸ್ ಮಾಡೀಯೆ ನೀನು? ನಿನ್ನೆ ನಮ್ಮಳಿಯ ಬಸ್ ಇಳ್ಕೊಂಡು ಬಂದ. ಆಷಾಢ್ದಲ್ಲಿ. ಊರೆಲ್ಲ ನೋಡ್ತು. ಅವ್ನು ಮರ್ವಾದಸ್ತ, ಅಟ್ಟಿ ಒಳಕ್ ಬರ್ನಿಲ್ಲ, ಎದ್ರುಗಡೆ ಉಣ್ಸೆ ಮರದ ಕೆಳ್ಗೇ ನಿಂತ್ಕೊಂಡ. ನನ್ ಮಗ್ಳು ಚೊಂಬಲ್ ನೀರ್ ತಕ್ಕೊಂಡು ಓದ್ಲು. ನಗ್ತಾನೇ ಓದ್ಲು. 'ಲೋಟ ತುಳ್ಕೋ ಅಂಗೆ ಉಯ್ದ್ರಂತಲ್ಲ' ಅಂದ್ಲಂತೆ. ಅವ್ನು 'ಯಾರ್ ಏಳಿದ್ದು? ಆವತ್ತು ನಾನ್ ಉಯ್ದಿದ್ದು ಮೂರ್ ಬೆಳ್ಳು' ಅಂತ ಬೆಳ್ಳೆತ್ತಿ ತೋರ್ಸುದ್ನಂತೆ. ಮುಂದಿನ್ ಮಾತ್ ಕೇಳಕ್ಕೂ ನಿಲ್ನಿಲ್ಲ, ಚೊಂಬಿನ್ ನೀರ್ನೆಲ್ಲ ರಸ್ತೆಗೆ ಚೆಲ್ಬುಟ್ಟು ಬಂದ್ಲು. ಈಗ ಒಲೆ ಮುಂದೆ ಕುಂತವ್ಳೆ. ಶ್ರಾವಣಕ್ಕೆ ಓಗಕಿಲ್ಲ ಅಂತಾವ್ಳೆ. ನೀನೂ ಅವ್ನೂ ಸೇರ್ಕೊಂಡು ಅವ್ಳ ಆಡ್ಕೊಂಡ್ರಿ ಅಂತಾವ್ಳೆ."

ನನ್ನ ಹೆಂಡತಿ ಒಳಗಿನಿಂದ ಕಾಫಿ ತಂದಿಟ್ಟಳು. ಅವನು ಮುಟ್ಟಲಿಲ್ಲ.

"ನೀನೇ ಮಾಡಿದ್ದು. ಏನಾರ ಒಂದ್ ಏಳಿ ನೀನೇ ಸರಿ ಮಾಡು," ಅಂದು ಹೊರಟುಹೋದ.

ಏನಾದರೂ ಒಂದು ಹೇಳುವುದು ನನಗೆ ಕಷ್ಟದ ಕೆಲಸವಾಗಿರಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಸಿದ್ಧವಾಗಿತ್ತು. ನಿನ್ನ ಗಂಡ ತುಂಬ ಹುಯ್ದದ್ದು ನಿಜ, ಜನ ನಗುತ್ತಾರೆ ಅಂತ ನಾಚಿಕೊಂಡು ಕಡಿಮೆ ಹೇಳಿದ, ಅಷ್ಟೆ. ಕೆ.ಆರ್. ಪೇಟೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಆ ಮಾತನ್ನು ಮನಸ್ಸಿನಲ್ಲೇ ಆಡಿ ನೋಡಿದೆ. ಚೆನ್ನಾಗಿಯೇ ಇತ್ತು. ಒಂದೇ ತೊಡಕು. ಅವಳು ಮತ್ತೆ ಅವನನ್ನು ಕೇಳುತ್ತಾಳೆ. ಅವನು ಮತ್ತೆ ಮೂರು ಬೆರಳು ಎತ್ತುತ್ತಾನೆ. ಆ ಮನುಷ್ಯನ ಬಾಯಲ್ಲಿ ನಾಲ್ಕನೆಯ ಬೆರಳು ಬರುವುದಿಲ್ಲ. ನಾನು ಎಷ್ಟು ಸುಳ್ಳು ಹೊತ್ತು ಹಾಕಿದರೂ ಅವನ ತೂಬಿನ ಹತ್ತಿರ ಅದು ನಿಂತುಹೋಗುತ್ತದೆ.

ಕಂಡಕ್ಟರು ಸೀಟಿ ಊದುವ ಹೊತ್ತಿಗೆ ಎದ್ದು ಇಳಿದೆ. "ಯಾಕಣ್ಣೋ, ಬರಕಿಲ್ವಾ?" ಅಂದ. ಪಕ್ಕದಲ್ಲಿ ಮೈಸೂರು ಬಸ್ಸು ನಿಂತಿತ್ತು. ಅದನ್ನು ಹತ್ತಿದೆ.

ಮೇಡಂ ಕಾಲೇಜಿನ ಕೋಣೆಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಶೀಳನೆರೆಯದೊಂದೇ ಹೇಳಿ ಉಳಿದದ್ದನ್ನು ನುಂಗಿಬಿಡೋಣ ಅನ್ನಿಸಿದ್ದು ಸುಳ್ಳಲ್ಲ. ಆದರೆ ಶುರು ಮಾಡಿದ ಮೇಲೆ ನಾಗಮಂಗಲವೂ ಬಂತು, ಶ್ರೀರಂಗಪಟ್ಟಣವೂ ಬಂತು. ಅವರು ಕೆಂಪು ಪೆನ್ನಿನ ಕ್ಯಾಪು ಹಾಕಿ ಪಕ್ಕಕ್ಕಿಟ್ಟರು.

"ನೀವೊಬ್ಬರೇ ಹೋದ ಮನೆ ಯಾವುದನ್ನೂ ನಾನಿನ್ನು ನಂಬೋ ಹಾಗಿಲ್ಲ," ಅಂದರು. "ಅವೆಲ್ಲ ಬಿಟ್ಟರೆ ಉಳಿಯೋದು ಸಾಲಲ್ಲ. ನಾನು ಇನ್ನೊಂದು ಆಷಾಢ ಕಾಯಬೇಕು."

ಒಂದು ವರ್ಷ. ಅವರು ರೇಗಿದ್ದರೆ ನನಗೆ ಹಗುರಾಗುತ್ತಿತ್ತು. ರೇಗಲಿಲ್ಲ.

"ಆ ಹುಡುಗಿಯ ಎರಡನೇ ಲೋಟ ನೆನಪಿದೆಯಾ?" ಎಂದು ಕೇಳಿದರು.

"ಇಲ್ಲ ಮೇಡಂ."

"ಗಂಡ ಎಷ್ಟು ಹುಯ್ಯಬಹುದು ಅಂತ ಕೇಳಿದ್ದಕ್ಕೆ ಅವಳು ಹುಯ್ದದ್ದು ಒಂದು ಬೆರಳು. ಒಂದೇ ಒಂದು. ಅವನು ಹುಯ್ದಿದ್ದು ಮೂರು. ನೀವು ನಿಯಮ ಮುರಿದು ನಿಜ ಹೇಳಿದ್ದಿದ್ರೂ ಅವಳಿಗೆ ಸಂತೋಷ ಆಗ್ತಿತ್ತು. ನಾವು ಎಷ್ಟು ಪ್ರೀತಿಸ್ತೀವಿ ಅನ್ನೋದಕ್ಕಿಂತ, ಎದುರಿನವರು ನಮ್ಮನ್ನ ಎಷ್ಟು ಪ್ರೀತಿಸ್ತಾರೆ ಅಂತ ನಾವು ಅಂದ್ಕೊಂಡಿರ್ತೀವೋ ಅದು ಹೆಚ್ಚು ಕೆಲಸ ಮಾಡುತ್ತೆ. ಅದಕ್ಕೇ ಎರಡನೇ ಲೋಟ ಇಟ್ಟಿದ್ದು. ಮೂರು ಬೆರಳು ಅವಳ ಪಾಲಿಗೆ ದೊಡ್ಡದಾಗ್ತಿತ್ತು. ನಿಮ್ಮ ತುಂಬಿದ ಲೋಟದ ಪಕ್ಕ ಅದು ಚಿಕ್ಕದಾಗಿಬಿಡ್ತು."

ನಾನು ಕುರ್ಚಿ ಎಳೆದುಕೊಂಡು ಕೂತೆ.

"ಅವನು ಮೂರೇ ಬೆರಳು ಯಾಕೆ ಹುಯ್ದ, ಕೇಳಿದ್ರಾ?"

"ಯಾಕೆ ಅಂತ ಕೇಳಬಾರದು ಅಂತ ನೀವೇ ಹೇಳಿದ್ರಿ ಮೇಡಂ."

"ಯಾರಿಗೂ ಏನೂ ಹೇಳಬಾರದು ಅಂತಲೂ ಹೇಳಿದ್ದೆ," ಅಂದರು. ಆಗ ಮೊದಲ ಸಲ ಅವರ ತುಟಿಯಲ್ಲಿ ನಗು ಕಂಡಿತು. "ಇರಲಿ. ಈ ಜೋಡಿ ಈಗ ನಮ್ಮ ಲೆಕ್ಕದಲ್ಲಿಲ್ಲ. ಲೆಕ್ಕದಲ್ಲಿಲ್ಲ ಅಂದ ಮೇಲೆ ಕೇಳಬಹುದು. ಬನ್ನಿ."

ಮಾರನೆಯ ದಿನ ಜೀಪಿನಲ್ಲಿ ನೀರುಗಂಟಿಯ ತೂಬಿಗೆ ಹೋದೆವು. ಅವನು ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲವೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಮೇಡಂ ನೇರವಾಗಿ ಕೇಳಿದರು. ಇದರಲ್ಲಿ ಕೇಳುವುದೇನಿದೆ ಎಂಬಂತೆ ಅವನು ನೋಡಿದ.

"ಮದ್ವೆ ಆಗಿ ಆವಾಗ ತಿಂಗ್ಳೂ ಆಗಿರ್ನಿಲ್ಲ ಮೇಡಂ. ಮುಂಗಾರ್ ಉಟ್ಟಕ್ ಮುಂಚೆ ಕನ್ನಂಬಾಡಿ ಕಟ್ಟೇಲಿ ಎಷ್ಟಿರ್ತದೆ ಏಳಿ? ತಳ ಕಾಣ್ತದೆ. ನಾನು ಅಷ್ಟ್ ಕಮ್ಮಿ ಉಯ್ನಿಲ್ಲ. ಇದ್ದಷ್ಟ ಉಯ್ದೆ. ಮೂರ್ ಬೆಳ್ಳು. ಆವಾಗ್ಲೇ ತುಂಬ್ಹೋಗದೆ ಅಂದ್ರೆ ಸುಳ್ಳಾಯ್ತದೆ. ಮಳೆ ಇನ್ನೂ ಮುಂದ್ಕದೆ, ಬರೋ ನೀರ್ಗೆ ಜಾಗ ಬೇಡ್ವಾ?"

ನನಗೆ ಒಮ್ಮೆಲೇ ಹುರುಪು ಬಂತು. "ಮೇಡಂ, ಇದನ್ನ ನಾನೀಗಲೇ ಹೋಗಿ ಆ ಹುಡುಗಿಗೆ ಹೇಳಿಬಿಡ್ತೀನಿ," ಅಂದೆ.

"ನೀವು ಇನ್ನು ಯಾರ ನೀರನ್ನೂ ಹೊರಬೇಡಿ," ಅಂದರು ಮೇಡಂ. "ನಿಮ್ಮದು ಹೇಳೋದಿದ್ರೆ ಹೇಳಿ. ಅವನದು ಅವನೇ ಹೇಳಲಿ."

ಅವನನ್ನು ತೂಬಿನಲ್ಲೇ ಬಿಟ್ಟು ಶೀಳನೆರೆಗೆ ಹೋದೆವು. ಜಗಲಿಯ ಮೇಲೆ ಅಪ್ಪ, ಅಜ್ಜಿ, ಬಾಗಿಲಿನ ಮರೆಯಲ್ಲಿ ಹುಡುಗಿ. ನನ್ನದನ್ನು ಹೇಳಿದೆ. ತುಳುಕುವಷ್ಟು ಎಂದದ್ದು ನಾನು ಕಟ್ಟಿದ ಸುಳ್ಳು, ನಿನ್ನ ಗಂಡನಿಗೆ ಅದು ಗೊತ್ತಿರಲಿಲ್ಲ, ನಿನ್ನನ್ನು ಯಾರೂ ಆಡಿಕೊಳ್ಳಲಿಲ್ಲ, ತಪ್ಪು ಪೂರ್ತಿ ನನ್ನದು. ಹೇಳುವಾಗ ಕಾಲಿನ ಹೆಬ್ಬೆರಳು ನೋಡುತ್ತಿದ್ದೆ.

ಹುಡುಗಿ ಹೊರಗೆ ಬಂದಳು. "ಅಂಗಾರೆ ದಿಟ ಏನು? ಮೂರೇ ಬೆಳ್ಳಾ?"

"ಮೂರೇ."

ಅವಳು ತನ್ನ ಒಂದು ಬೆರಳು ನೋಡಿಕೊಂಡಳು. "ನಾನು ಒಂದು ಅಂದ್ಕೊಂಡಿದ್ದೆ," ಅಂದಳು ಮೆಲ್ಲಗೆ. ಆಮೇಲೆ ಮತ್ತೆ ಗಡಸಾದಳು. "ಮೂರ್ ಆದ್ರೂ ಯಾಕೆ ಮೂರು? ಅದ್ನ ಅವ್ರ್ ಬಾಯಲ್ಲೇ ಕೇಳ್ಬೇಕು. ನೀವ್ಯಾರೂ ಏಳ್ಬೇಡಿ."

"ಕೇಳೋದೆಂಗೆ? ಶ್ರಾವಣ ಬರ್ಲಿ," ಅಂದ ಅಪ್ಪ. "ಮತ್ತೊಂದ್ ಸಲ ಅಳಿಯ ಇಲ್ಲಿಗ್ ಬಂದ್ರೆ ಊರ್ನೋರು ಏನಂದಾರು?"

ಅಜ್ಜಿ ಎಲೆ ಅಡಿಕೆಯ ಸಂಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. "ಆಷಾಢ್ದಲ್ಲಿ ಅಳಿಯ ಅತ್ತೆ ಮನೆ ಒಸ್ಲು ದಾಟ್ಬಾರ್ದು. ಇವ್ಳು ಅವ್ನ್ ಮನೆಗ್ ಓಗ್ಬಾರ್ದು. ಅಷ್ಟೆ ತಾನೆ? ಕಟ್ಟೆ ಇನ್ನೀರ್ಗೆ ಯಾವ್ ಒಸ್ಲಿದ್ದದು? ಏನವ್ವ ಮೇಡಂ, ನಿನ್ ಜೀಪಲ್ಲಿ ಮುದ್ಕಿಗೆ ಜಾಗ ಅದಾ?"

ಹಾಗೆ ಆಷಾಢದ ನಡುವೆ, ಕನ್ನಂಬಾಡಿ ಕಟ್ಟೆಯ ಹಿನ್ನೀರಿನ ದಡದಲ್ಲಿ ಗಂಡ ಹೆಂಡತಿ ಸೇರಿದರು. ಅಜ್ಜಿಯನ್ನೂ ಹುಡುಗಿಯನ್ನೂ ಅಲ್ಲಿ ಇಳಿಸಿ, ಜೀಪು ಹೋಗಿ ನೀರುಗಂಟಿಯನ್ನು ಕರೆತಂದಿತು. ಅಜ್ಜಿಯನ್ನು ಮತ್ತೆ ಜೀಪಿನಲ್ಲಿ ಕೂರಿಸಿ ನಾವು ದೂರ ನಿಂತೆವು. ಪ್ರಯೋಜನವಾಗಲಿಲ್ಲ, ಮಾತೆಲ್ಲ ಕೇಳುತ್ತಿತ್ತು. ಗದ್ದೆ ಬಯಲಿನಲ್ಲಿ ಆ ಕಡೆಯವರಿಗೆ ಈ ಕಡೆಯಿಂದ ಕೂಗಿ ಹೇಳುವ ಕೆಲಸ ಅವನದು. ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಬಹುಶಃ ಅದಕ್ಕೇ ಅಷ್ಟು ದಿನ ಮನೆಯಲ್ಲಿ ಸುಮ್ಮನಿದ್ದನೋ ಏನೋ.

"ಅಲ್ ನೋಡು, ಆ ಗೂಟದ ತುದಿ ಕಾಣ್ತದಲ್ಲ," ಅಂದ. "ನೀನು ನಮ್ಮನೆಗ್ ಬಂದಾಗ ಅಲ್ಲಿ ದನ ಕಟ್ತಿದ್ರು. ಈಗ ಎಲ್ಲೀಗಂಟ ಬಂದದೆ ನೀರು?"

"ಅದು ಒಳೆ ನೀರು. ನಾನ್ ಕೇಳ್ತಿರೋದು ನಿಮ್ದು."

"ನಾನೂ ಅದ್ನೇ ಏಳ್ತಿರೋದು. ಮದ್ವೆ ಆದಾಗ ಮೂರಿತ್ತು, ಮೂರ್ ಉಯ್ದೆ. ನೀನು ಇಲ್ದಾಗ ಐದಾಯ್ತು, ಐದ್ ಉಯ್ದೆ. ಬರ್ತಾನೇ ಅದೆ. ಸುಳ್ ಅಳ್ತೆ ನನ್ ಕೈಲಾಗಕಿಲ್ಲ."

"ಇದ್ನ ಮನೇಲಿ ಏಳಕ್ ಏನಾಗಿತ್ತು?"

"ನೀನ್ ಕೇಳ್ನಿಲ್ಲ."

ಅವಳು ನೀರಿನ ಕಡೆ ನೋಡುತ್ತ ನಿಂತಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ತಿರುಗಿದಳು. "ಸರಿ. ಬ್ಯಾಸ್ಗೇಲಿ ಕಟ್ಟೆ ಬತ್ತೋಯ್ತದಲ್ಲ. ಆಗೇನ್ ಮಾಡ್ತೀರಿ?"

ಆ ಪ್ರಶ್ನೆಯನ್ನು ಅವನು ಎಣಿಸಿರಲಿಲ್ಲ. ತಲೆ ಕೆರೆದುಕೊಂಡು ನಿಜವಾಗಿಯೂ ಯೋಚಿಸಿದ. ಮೇಡಂ ಒಂದು ಹೆಜ್ಜೆ ಮುಂದೆ ಬಂದರು.

"ಬ್ಯಾಸ್ಗೇಲಿ ಪಾಳಿ ಮೇಲೆ ಬುಡ್ತೀನಿ," ಅಂದ. "ಕಮ್ಮಿ ಇರ್ಬೋದು. ತಪ್ಸಕ್ಕಿಲ್ಲ."

"ಒಪ್ಕೊ ಕಣಮ್ಮಿ," ಎಂದು ಜೀಪಿನ ಒಳಗಿನಿಂದ ಅಜ್ಜಿ ಕೂಗಿದಳು. "ನಿಮ್ ತಾತ ಬ್ಯಾಸ್ಗೆ ಬಂದ್ರೆ ತೂಬೇ ಮುಚ್ಬುಡ್ತಿದ್ದ."

ಹುಡುಗಿ ಸೆರಗು ಬಾಯಿಗೆ ಹಿಡಿದಳು. ನಗು ತಡೆಯಲಾಗಲಿಲ್ಲ. ನೀರುಗಂಟಿ ಏನೂ ಅರ್ಥವಾಗದೆ ಅವಳನ್ನೂ ಅಜ್ಜಿಯನ್ನೂ ನೋಡಿ, ಕೊನೆಗೆ ತಾನೂ ನಕ್ಕ. ಆಮೇಲೆ ಅವಳು ಜೀಪು ಹತ್ತಿ ತವರಿಗೆ ಹೋದಳು, ಅವನು ನಡೆದು ತೂಬಿಗೆ ಹೋದ. ಆಷಾಢ ಇನ್ನೂ ಮುಗಿದಿರಲಿಲ್ಲ.

ಮೇಡಂ ಮುಂದಿನ ವರ್ಷ ಹೊಸ ಜೋಡಿಗಳನ್ನು ಹುಡುಕಿ ಮತ್ತೆ ಮೊದಲಿನಿಂದ ಶುರು ಮಾಡಿದರು. ನನ್ನನ್ನು ಬಿಡಿಸಲಿಲ್ಲ. ಆದರೆ ಕೇಳುವ ಕೆಲಸ ಹೋಯಿತು. ಬೇರೆ ಒಬ್ಬ ವಿದ್ಯಾರ್ಥಿ ಗಂಡಸರನ್ನು ಕೇಳುತ್ತಿದ್ದ, ನಾನು ತಂಬಿಗೆಗೆ ನೀರು ತುಂಬಿಕೊಟ್ಟು ದೂರ ಹೋಗಿ ನಿಲ್ಲಬೇಕು. ಅದು ಸರಿಯಾದ ಶಿಕ್ಷೆ. ನನ್ನಿಂದ ಅವರಿಗೆ ಆದ ಒಂದು ವರ್ಷದ ನಷ್ಟವನ್ನು ನಾನು ತುಂಬಿಕೊಡಲಾರೆ. ಅವರು ಅದನ್ನು ಒಮ್ಮೆಯೂ ಎತ್ತಿ ಆಡಲಿಲ್ಲ, ಅದೇ ಈಗಲೂ ಚುಚ್ಚುತ್ತದೆ.

ಮೊದಲಿನ ಆ ವರ್ಷವೇ ಹುಡುಗಿ ಶ್ರಾವಣಕ್ಕೆ ಗಂಡನ ಮನೆಗೆ ಬಂದಳೆಂದು ಕೇಳಿದ್ದೆ. ನೋಡಲು ಧೈರ್ಯವಿರಲಿಲ್ಲ. ಗೌರಿ ಹಬ್ಬ ಕಳೆದ ಮೇಲೆ ಏನೋ ಕೆಲಸಕ್ಕೆ ಚಿನಕುರಳಿಗೆ ಹೋದವನು, ಬಿಸಿಲಲ್ಲಿ ನಡೆದು ಬಾಯಾರಿ, ಅವರ ಮನೆಯ ಮುಂದೆ ನಿಂತೆ. ಅವಳೇ ಬಾಗಿಲಿಗೆ ಬಂದಳು.

"ಕುಂತ್ಕೊಳಿ ಅಣ್ಣ," ಅಂದಳು.

"ಒಂದು ಲೋಟ ನೀರು ಕೊಡಮ್ಮ, ಸಾಕು."

ಒಳಗೆ ಹೋಗಿ ದೊಡ್ಡ ಸ್ಟೀಲಿನ ಲೋಟ ತಂದು ಕೈಗಿಟ್ಟಳು. ಬಗ್ಗಿ ನೋಡಿದರೆ ತಳದಲ್ಲಿ ಮೂರು ಬೆರಳು ನೀರು. ನಾನು ತಲೆಯೆತ್ತಿದೆ. ಅವಳ ಮುಖದಲ್ಲಿ ಸಿಟ್ಟಿನ ಗುರುತು ಇರಲಿಲ್ಲ.

"ಬಾಯಾರಿಕೆ ಜಾಸ್ತಿ ಇದೆಯಲ್ಲಮ್ಮ," ಅಂದೆ.

"ಕೊಡ್ತೀನಿ. ಇದ ಕುಡ್ದು ಮುಗ್ಸಿ, ಇನ್ನೊಂದ್ ಸ್ವಲ್ಪ ಕೊಡ್ತೀನಿ," ಅಂದಳು. "ನಿಮ್ ಕೈಗೆ ತುಂಬ ಕೊಟ್ರೆ ದಾರಿಯುದ್ದಕ್ಕೂ ಚೆಲ್ಕೊಂಡು ಓಯ್ತೀರಿ."

ಒಳಗಿನಿಂದ ನೀರುಗಂಟಿಯ ನಗು ಕೇಳಿಸಿತು, ಬಯಲಿನ ಆ ಕಡೆಗೂ ಮುಟ್ಟುವ ಹಾಗೆ. ನಾನು ಒಂದು ಹನಿಯೂ ಚೆಲ್ಲದಂತೆ ಕುಡಿದು, ಲೋಟ ಮುಂದಕ್ಕೆ ಹಿಡಿದೆ.